ಡಿಗ್ರಿ ಮುಗಿಯಿತು, ಆಟ ಇನ್ನೊಂದು ವರ್ಷ ಬಾಕಿ

2019ರ ಡಿಸೆಂಬರ್ 14ರಂದು ನ್ಯೂಯಾರ್ಕ್‌ನಲ್ಲಿ ಹೈಸ್‌ಮನ್ ಟ್ರೋಫಿ ಘೋಷಣೆಯಾಯಿತು. ಅಮೆರಿಕನ್ ಫುಟ್‌ಬಾಲ್ ಆಡುವ ಕಾಲೇಜು ಹುಡುಗರಲ್ಲಿ ಆ ವರ್ಷದ ಅತ್ಯುತ್ತಮ ಆಟಗಾರ ಯಾರು ಎಂದು ಹೇಳುವ ಪ್ರಶಸ್ತಿ ಅದು. ಗೆದ್ದವರು ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಯ ಜೋ ಬರೋ. ಎರಡನೇ ಸ್ಥಾನ ಒಕ್ಲಹೋಮಾ ಯೂನಿವರ್ಸಿಟಿಯ ಜೇಲೆನ್ ಹರ್ಟ್ಸ್‌ಗೆ ಬಂತು. ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ಚೆಂಡು ಪಾಸ್ ಮಾಡಿ ತಂಡದ ದಾಳಿ ನಡೆಸುವವರು. ಇಬ್ಬರೂ ಆ ಕ್ಯಾಂಪಸ್ಸಿಗೆ ಕಾಲಿಡುವ ಮೊದಲೇ ಇನ್ನೊಂದು ಕಾಲೇಜಿನಲ್ಲಿ ಡಿಗ್ರಿ ಮುಗಿಸಿದ್ದರು. ಬರೋ ಓಹಾಯೊ ಸ್ಟೇಟ್‌ನ ಪದವೀಧರ. ಹರ್ಟ್ಸ್ ಅಲಬಾಮದ ಪದವೀಧರ.

ಇಂಥವರನ್ನು ಅಲ್ಲಿ ಗ್ರ್ಯಾಡ್ ಟ್ರಾನ್ಸ್‌ಫರ್ ಅನ್ನುತ್ತಾರೆ. ಓದು ಮುಗಿದಿದೆ, ಆದರೆ ಆಡುವ ಅವಕಾಶ ಇನ್ನೂ ಒಂದು ಸೀಸನ್‌ನಷ್ಟು, ಬರೋ ಅವರಂಥವರಿಗೆ ಎರಡು ಸೀಸನ್‌ನಷ್ಟು ಉಳಿದಿದೆ. ಅದನ್ನು ಆಡಲು ಬೇರೆ ಕಾಲೇಜಿನ ಮಾಸ್ಟರ್ಸ್ ಕೋರ್ಸಿಗೆ ಸೇರಿ, ಆ ಕಾಲೇಜಿನ ಜೆರ್ಸಿ ಹಾಕಿಕೊಳ್ಳುತ್ತಾರೆ. ಧಾರವಾಡದಲ್ಲಿ ಬಿಎ ಮಾಡಿದವರು ಎಂಎಗೆ ಮೈಸೂರಿಗೆ ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಮಾತ್ರ ಇದೇ ವಿಷಯಕ್ಕೆ ವರ್ಷಗಟ್ಟಲೆ ಜಗಳ ನಡೆಯಿತು. ನಿಯಮ ಬಂತು, ರದ್ದಾಯಿತು, ಹಿಂಬಾಗಿಲಿನಿಂದ ಮತ್ತೆ ಬಂತು. ಕೊನೆಗೆ ಇಡೀ ವ್ಯವಸ್ಥೆಯೇ ಬದಲಾಯಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಡಿಗ್ರಿ ಮುಗಿಸಿದ ಆಟಗಾರ ತನ್ನ ಕೊನೆಯ ವರ್ಷವನ್ನು ಎಲ್ಲಿ ಕಳೆಯಬೇಕು ಅನ್ನುವುದು ಪೂರ್ತಿ ಅವನ ಅಥವಾ ಅವಳ ಇಷ್ಟ. ಆ ಹಕ್ಕಿನ ಬಗ್ಗೆ ನನಗೆ ಅನುಮಾನ ಇಲ್ಲ. ಹೊಸ ಕಾಲೇಜು ಆ ಒಂದು ವರ್ಷಕ್ಕೆ ಬದಲಾಗಿ ಏನು ಕೊಡುತ್ತದೆ ಅನ್ನುವುದೇ ನಿಜವಾದ ಪ್ರಶ್ನೆ. ಅದನ್ನು ಕೇಳುವವರು ತುಂಬಾ ಕಡಿಮೆ.

ಐದು ವರ್ಷದ ಲೆಕ್ಕ

ಅಮೆರಿಕದಲ್ಲಿ ಕಾಲೇಜು ಕ್ರೀಡೆಯನ್ನು ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರ ಮೇಲಿನ ಹಂತ ಡಿವಿಷನ್ ಒನ್. ಅಲ್ಲಿ ಬಹುಕಾಲದಿಂದ ನಡೆದುಬಂದ ನಿಯಮ ಇಷ್ಟು: ಕಾಲೇಜಿಗೆ ಸೇರಿದ ದಿನದಿಂದ ಐದು ವರ್ಷ, ಅದರೊಳಗೆ ನಾಲ್ಕು ಸೀಸನ್ ಆಡಬಹುದು. ಉಳಿದ ಒಂದು ವರ್ಷ ಆಡದೆ ಕೂರುವ ವರ್ಷ. ಅದನ್ನು ರೆಡ್‌ಶರ್ಟ್ ವರ್ಷ ಅನ್ನುತ್ತಾರೆ. ಹದಿನೆಂಟರ ಹುಡುಗ ಇಪ್ಪತ್ತೆರಡರ ಗಂಡಸರ ಎದುರು ಆಡಲು ಮೈ ಸಾಲದು. ಹಾಗಾಗಿ ಕೋಚ್ ಮೊದಲ ವರ್ಷ ಬರೀ ಪ್ರಾಕ್ಟೀಸ್ ಮಾಡಿಸಿ ಕೂರಿಸುತ್ತಾರೆ. ಮೊಣಕಾಲು ಮುರಿದುಕೊಂಡವರಿಗೂ ಒಂದು ವರ್ಷ ಹೀಗೇ ಉಳಿಯಬಹುದು.

ಇನ್ನು ಓದಿನ ಕಡೆ. ಆಟಗಾರ ಓದಿನಲ್ಲಿ ಹಿಂದೆ ಬೀಳಬಾರದು ಅಂತ ಎನ್‌ಸಿಎಎ ಒಂದು ಪ್ರಮಾಣ ಇಟ್ಟಿದೆ. ಎರಡನೇ ವರ್ಷ ಮುಗಿಯುವಷ್ಟರಲ್ಲಿ ಡಿಗ್ರಿಯ 40 ಶೇಕಡಾ ಆಗಿರಬೇಕು, ಮೂರನೇ ವರ್ಷಕ್ಕೆ 60, ನಾಲ್ಕನೇ ವರ್ಷಕ್ಕೆ 80. ಅಂದರೆ ಐದು ವರ್ಷದಲ್ಲಿ ಡಿಗ್ರಿ ಆಗಬೇಕು ಅನ್ನುವುದು ಲೆಕ್ಕ. ಆದರೆ ಎಷ್ಟೋ ಆಟಗಾರರು ಇದಕ್ಕಿಂತ ಬೇಗ ಮುಗಿಸುತ್ತಾರೆ. ಕಾರಣ ಬೇಸಿಗೆ. ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ಆಟಗಾರರು ಬೇಸಿಗೆ ರಜೆಯಲ್ಲೂ ತಾಲೀಮಿಗಾಗಿ ಕ್ಯಾಂಪಸ್‌ನಲ್ಲೇ ಇರುತ್ತಾರೆ. ದೊಡ್ಡ ಕಾಲೇಜುಗಳಲ್ಲಿ ಬೇಸಿಗೆ ತರಗತಿಯ ಫೀಸೂ ಸ್ಕಾಲರ್‌ಶಿಪ್ಪಿನಲ್ಲೇ ಹೋಗುತ್ತದೆ. ಬೆಳಗ್ಗೆ ಜಿಮ್, ಮಧ್ಯಾಹ್ನ ಕ್ಲಾಸು. ಎರಡು ಮೂರು ಬೇಸಿಗೆ ಹೀಗೆ ಕಳೆದರೆ ನಾಲ್ಕು ವರ್ಷದ ಡಿಗ್ರಿ ಮೂರು ವರ್ಷಕ್ಕೆ, ಮೂರೂವರೆ ವರ್ಷಕ್ಕೆ ಮುಗಿಯುತ್ತದೆ. ಕೆಲವರು ಹೈಸ್ಕೂಲನ್ನು ಆರು ತಿಂಗಳು ಮೊದಲೇ ಮುಗಿಸಿ ಜನವರಿಯಲ್ಲೇ ಕಾಲೇಜಿಗೆ ಬರುತ್ತಾರೆ. ಹರ್ಟ್ಸ್ ಹಾಗೆ ಬಂದವರು. 2016ರ ಜನವರಿಯಲ್ಲಿ ಅಲಬಾಮಕ್ಕೆ ಸೇರಿ 2018ರ ಡಿಸೆಂಬರ್‌ನಲ್ಲಿ ಡಿಗ್ರಿ ಪಡೆದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕಾದ ಕಾರಣ ಇದೆ. ಕಾಲೇಜು ಆಟಗಾರ ಅಂದರೆ ಓದದವನು ಅನ್ನುವ ಮಾತು ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಗ್ರ್ಯಾಡ್ ಟ್ರಾನ್ಸ್‌ಫರ್ ಆಗಲು ಮೊದಲ ಅರ್ಹತೆಯೇ ಡಿಗ್ರಿ. ವಾರಕ್ಕೊಂದು ಪಂದ್ಯ, ವಿಮಾನ ಪ್ರಯಾಣ, ದಿನವೂ ಪ್ರಾಕ್ಟೀಸ್, ಇವುಗಳ ನಡುವೆ ಮೂರು ವರ್ಷದಲ್ಲಿ ಡಿಗ್ರಿ ಮುಗಿಸುವುದು ಸುಮ್ನೆ ಆಗುವ ಕೆಲಸ ಅಲ್ಲ.

ಒಂದು ನಿಯಮ, ಕೆಲವೇ ತಿಂಗಳ ಆಯುಸ್ಸು

2006ರವರೆಗೆ ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಕಾಲೇಜು ಬದಲಿಸಿದವರು ಒಂದು ವರ್ಷ ಬೆಂಚಿನಲ್ಲಿ ಕೂರಲೇಬೇಕಿತ್ತು. ಡಿಗ್ರಿ ಆಗಿದ್ದರೂ ಅಷ್ಟೇ, ಆಗದಿದ್ದರೂ ಅಷ್ಟೇ. ಒಂದೇ ಸೀಸನ್ ಉಳಿದವರಿಗೆ ಇದು ಬಾಗಿಲು ಮುಚ್ಚಿದ ಹಾಗೆಯೇ. 2006ರಲ್ಲಿ ಎನ್‌ಸಿಎಎ ಹೊಸ ನಿಯಮ ತಂದಿತು. ಡಿಗ್ರಿ ಮುಗಿದಿದ್ದರೆ ಬೇರೆ ಕಾಲೇಜಿಗೆ ಹೋಗಿ ಕೂಡಲೇ ಆಡಬಹುದು. ಬೇಗ ಓದಿ ಮುಗಿಸಿದವರಿಗೆ ಒಂದು ಬಹುಮಾನ ಅನ್ನುವುದು ಅದರ ಉದ್ದೇಶ.

ಆ ನಿಯಮದ ಲಾಭ ಪಡೆದವರಲ್ಲಿ ಒಬ್ಬರು ಫುಟ್‌ಬಾಲ್ ಆಟಗಾರ ರಯಾನ್ ಸ್ಮಿತ್. ಯೂಟಾ ಯೂನಿವರ್ಸಿಟಿಯಲ್ಲಿ ಓದಿದವರು. ಅವರ ಹಳೇ ಕೋಚ್ ಅರ್ಬನ್ ಮೈಯರ್ ಅಷ್ಟರಲ್ಲಿ ಫ್ಲಾರಿಡಾಕ್ಕೆ ಹೋಗಿದ್ದರು. ಸ್ಮಿತ್ ಡಿಗ್ರಿ ಹಿಡಿದುಕೊಂಡು ಅಲ್ಲಿಗೆ ಹೋದರು. ಆ ಸೀಸನ್‌ನಲ್ಲಿ ಎದುರಾಳಿಯ 8 ಪಾಸುಗಳನ್ನು ನಡುವೆಯೇ ಕಸಿದುಕೊಂಡರು. ಫ್ಲಾರಿಡಾ ರಾಷ್ಟ್ರೀಯ ಚಾಂಪಿಯನ್ ಆಯಿತು.

ಉಳಿದ ಕಾಲೇಜುಗಳು ಬೆಚ್ಚಿದವು. ನಾವು ಬೆಳೆಸಿದ ಆಟಗಾರನನ್ನು ದೊಡ್ಡವರು ಕೊನೆಯ ವರ್ಷಕ್ಕೆ ಎತ್ತಿಕೊಂಡು ಹೋಗುತ್ತಾರೆ ಅನ್ನುವ ಭಯ. 2007ರ ಆರಂಭದಲ್ಲೇ ಸದಸ್ಯ ಕಾಲೇಜುಗಳು ಮತ ಹಾಕಿ ನಿಯಮವನ್ನು ರದ್ದು ಮಾಡಿದವು.

ಆದರೆ ಒಂದು ಸಣ್ಣ ಕಿಂಡಿ ಉಳಿಯಿತು. ಹಳೇ ಕಾಲೇಜಿನಲ್ಲಿ ಇಲ್ಲದ ಮಾಸ್ಟರ್ಸ್ ಕೋರ್ಸ್ ಹೊಸ ಕಾಲೇಜಿನಲ್ಲಿ ಇದ್ದರೆ ವಿನಾಯಿತಿ ಕೇಳಬಹುದು. ಇಲ್ಲಿಂದಲೇ ವಿಚಿತ್ರ ಶುರುವಾಯಿತು. ಯಾವ ಕೋರ್ಸ್ ಬೇಕು ಅನ್ನುವುದಕ್ಕಿಂತ ಹಳೇ ಕಾಲೇಜಿನಲ್ಲಿ ಯಾವ ಕೋರ್ಸ್ ಇಲ್ಲ ಅನ್ನುವುದು ಮುಖ್ಯವಾಯಿತು. 2010ರಲ್ಲಿ ಒರೆಗಾನ್ ತಂಡದಿಂದ ಹೊರಹಾಕಲ್ಪಟ್ಟ ಕ್ವಾರ್ಟರ್‌ಬ್ಯಾಕ್ ಜೆರೆಮಾಯ ಮಸೋಲಿ ಮಿಸಿಸಿಪಿ ಯೂನಿವರ್ಸಿಟಿಯಲ್ಲಿ ಉದ್ಯಾನ ಮತ್ತು ಮನರಂಜನೆ ನಿರ್ವಹಣೆಯ ಮಾಸ್ಟರ್ಸ್‌ಗೆ ಸೇರಿದರು. ಎನ್‌ಸಿಎಎ ಮೊದಲು ಆಗಲ್ಲ ಅಂದಿತು. ಮೇಲ್ಮನವಿಯಲ್ಲಿ ಅವರು ಗೆದ್ದರು. ಜನ ನಕ್ಕರು. ಆದರೆ ನಿಯಮವೇ ಅಂಥ ಕೋರ್ಸ್ ಹುಡುಕುವಂತೆ ಮಾಡಿತ್ತು. ನಗಬೇಕಾದದ್ದು ನಿಯಮವನ್ನು ನೋಡಿ, ಆಟಗಾರನನ್ನು ನೋಡಿ ಅಲ್ಲ.

ಮರುವರ್ಷ ಈ ದಾರಿಗೆ ನಿಜವಾದ ಗೌರವ ತಂದುಕೊಟ್ಟವರು ರಸೆಲ್ ವಿಲ್ಸನ್. ಅವರ ಕಥೆ ಸ್ವಲ್ಪ ಬೇರೆ. ನಾರ್ತ್ ಕ್ಯಾರೊಲೈನ ಸ್ಟೇಟ್‌ನಲ್ಲಿ ಮೂರು ಸೀಸನ್ ಆಡಿದ್ದರು. ಮೂರು ವರ್ಷದಲ್ಲಿ ಡಿಗ್ರಿಯೂ ಆಗಿತ್ತು. ಜೊತೆಗೆ ಬೇಸ್‌ಬಾಲ್ ಹುಚ್ಚು. 2010ರಲ್ಲಿ ಕೊಲರಾಡೊ ರಾಕೀಸ್ ತಂಡ ಅವರನ್ನು ನಾಲ್ಕನೇ ಸುತ್ತಿನಲ್ಲಿ ಆಯ್ಕೆ ಮಾಡಿಕೊಂಡಿತ್ತು. 2011ರ ವಸಂತದಲ್ಲಿ ಅವರು ಫುಟ್‌ಬಾಲ್ ಪ್ರಾಕ್ಟೀಸಿಗೆ ಬರುವ ಬದಲು ಬೇಸ್‌ಬಾಲ್ ಶಿಬಿರಕ್ಕೆ ಹೋದರು. ಕೋಚ್ ಟಾಮ್ ಓಬ್ರಯನ್ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಕಡೆ ಹೊರಳಿ ವಿಲ್ಸನ್‌ರನ್ನು ಬಿಟ್ಟುಕೊಟ್ಟರು. ವಿಲ್ಸನ್ ವಿಸ್ಕಾನ್ಸಿನ್‌ಗೆ ಹೋದರು. ಬೇಸಿಗೆಯಲ್ಲಿ ಬಂದವರನ್ನು ಆಗಸ್ಟ್‌ನಲ್ಲಿ ಸಹಆಟಗಾರರೇ ನಾಯಕನನ್ನಾಗಿ ಆರಿಸಿದರು. ಅಂಕ ತಂದ 33 ಟಚ್‌ಡೌನ್ ಪಾಸ್, ಎದುರಾಳಿ ಕಸಿದದ್ದು ಬರೀ 4. ತಂಡ ತನ್ನ ಲೀಗ್ ಬಿಗ್ ಟೆನ್‌ನ ಪ್ರಶಸ್ತಿ ಗೆದ್ದು ರೋಸ್ ಬೌಲ್ ಅನ್ನುವ ದೊಡ್ಡ ಪಂದ್ಯಕ್ಕೆ ಹೋಯಿತು. ಅದಾಗಿ ಎರಡು ವರ್ಷದ ಮೇಲೆ ವಿಲ್ಸನ್ ಸಿಯಾಟಲ್ ತಂಡದ ಜೊತೆ ಸೂಪರ್ ಬೌಲ್, ಅಂದರೆ ವೃತ್ತಿಪರ ಫುಟ್‌ಬಾಲ್‌ನ ಫೈನಲ್ ಗೆದ್ದರು.

ಅಲ್ಲಿಂದಾಚೆಗೆ ಪ್ರತಿ ಕೋಚ್‌ಗೂ ಒಂದು ವಿಷಯ ಅರ್ಥವಾಯಿತು. ತಂಡದಲ್ಲಿ ಒಂದು ಜಾಗ ಖಾಲಿ ಇದ್ದರೆ ಹೈಸ್ಕೂಲಿನ ಹುಡುಗನನ್ನು ತಂದು ಮೂರು ವರ್ಷ ಕಾಯಬೇಕಿಲ್ಲ. ಇಪ್ಪತ್ತೆರಡು ವಯಸ್ಸಿನ, ಮೂವತ್ತು ನಲವತ್ತು ಪಂದ್ಯ ಆಡಿದ, ಡಿಗ್ರಿ ಮುಗಿಸಿದ ಆಟಗಾರ ಸಿಗುತ್ತಾನೆ.

ಬಿಟ್ಟುಕೊಡದ ಕಾಲೇಜುಗಳು

ವಿಲ್ಸನ್‌ರನ್ನು ಅವರ ಕಾಲೇಜು ಬಿಟ್ಟುಕೊಟ್ಟಿತು. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಅದೇ 2011ರಲ್ಲಿ ಟಾಡ್ ಓಬ್ರಯನ್ ಅನ್ನುವ ಬಾಸ್ಕೆಟ್‌ಬಾಲ್ ಆಟಗಾರ ಫಿಲಡೆಲ್ಫಿಯಾದ ಸೇಂಟ್ ಜೋಸೆಫ್ಸ್ ಯೂನಿವರ್ಸಿಟಿಯಲ್ಲಿ ಅರ್ಥಶಾಸ್ತ್ರದ ಡಿಗ್ರಿ ಮುಗಿಸಿದರು. ಒಂದು ಸೀಸನ್ ಬಾಕಿ ಇತ್ತು. ಅಲಬಾಮದ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯಲ್ಲಿ ಸಾರ್ವಜನಿಕ ಆಡಳಿತದ ಮಾಸ್ಟರ್ಸ್‌ಗೆ ಸೇರಿದರು. ಆಡಲು ಬೇಕಾಗಿದ್ದದ್ದು ಹಳೇ ಕಾಲೇಜಿನ ಒಂದು ಒಪ್ಪಿಗೆ ಪತ್ರ. ಕಾಲೇಜು ಕೊಡಲಿಲ್ಲ. ಎನ್‌ಸಿಎಎಗೆ ಹೋದರು. ಹಳೇ ಕಾಲೇಜು ಒಪ್ಪದೆ ನಾವೇನೂ ಮಾಡಲಾಗದು ಅನ್ನುವುದು ಅಲ್ಲಿಯ ನಿಲುವು. ಕೊನೆಗೆ ಅವರು ತಮ್ಮ ಕಥೆಯನ್ನು ತಾವೇ ಒಂದು ರಾಷ್ಟ್ರೀಯ ಕ್ರೀಡಾ ಪತ್ರಿಕೆಯಲ್ಲಿ ಬರೆದರು. ದೇಶವೆಲ್ಲ ಸಿಟ್ಟಾಯಿತು. ಆದರೂ ಆ ಸೀಸನ್ ಅವರು ಆಡಲಿಲ್ಲ.

ಯೋಚಿಸಿ ನೋಡಿ. ನಾಲ್ಕು ವರ್ಷದ ಓದು ಮುಗಿದಿದೆ. ಸರ್ಟಿಫಿಕೇಟ್ ಕೈಗೆ ಬಂದಿದೆ. ಕಾಲೇಜಿಗೂ ವಿದ್ಯಾರ್ಥಿಗೂ ಇನ್ನು ಕೊಡುವುದು, ಪಡೆಯುವುದು ಏನೂ ಇಲ್ಲ. ಕೋಚ್ ಒಳ್ಳೆಯ ಸಂಬಳ ಕಂಡರೆ ಸೀಸನ್ ಮುಗಿದ ಮರುದಿನವೇ ಬೇರೆ ಊರಿಗೆ ಹೋಗಬಹುದು. ಅವರನ್ನು ಯಾರೂ ಒಂದು ವರ್ಷ ಸುಮ್ಮನೆ ಕೂರಿಸುವುದಿಲ್ಲ. ವಿದ್ಯಾರ್ಥಿಗೆ ಮಾತ್ರ ಹಳೇ ಕಾಲೇಜಿನ ಸಹಿ ಬೇಕು. ಇದು ಶಿಸ್ತು ಅಲ್ಲ, ಹಿಡಿತ.

2017ರಲ್ಲಿ ಇದೇ ರಗಳೆ ಮತ್ತೆ ಆಯಿತು. ಪಿಟ್ಸ್‌ಬರ್ಗ್ ಯೂನಿವರ್ಸಿಟಿಯ ಕ್ಯಾಮರನ್ ಜಾನ್ಸನ್ ಮೂರು ವರ್ಷದಲ್ಲಿ ಡಿಗ್ರಿ ಮುಗಿಸಿ, ನಾರ್ತ್ ಕ್ಯಾರೊಲೈನಕ್ಕೆ ಹೋಗಿ ಬಾಸ್ಕೆಟ್‌ಬಾಲ್ ಆಡಬೇಕು ಅಂದರು. ಎರಡೂ ಒಂದೇ ಲೀಗಿನ ತಂಡಗಳು. ಪಿಟ್ಸ್‌ಬರ್ಗ್ ತಕರಾರು ತೆಗೆಯಿತು. ಜಾನ್ಸನ್ ಬಿಡದೆ ಬಹಿರಂಗವಾಗಿ ಬರೆದು ವಾದಿಸಿದ ಮೇಲೆ ಕಾಲೇಜು ಹಿಂದೆ ಸರಿಯಿತು. 2019ರಲ್ಲಿ ಅವರು ಎನ್‌ಬಿಎಗೆ 11ನೇ ಆಯ್ಕೆಯಾಗಿ ಹೋದರು.

ಇಂಥ ಜಗಳಗಳಿಂದ ಬೇಸತ್ತು 2018ರ ಅಕ್ಟೋಬರ್‌ನಲ್ಲಿ ಎನ್‌ಸಿಎಎ ಟ್ರಾನ್ಸ್‌ಫರ್ ಪೋರ್ಟಲ್ ಶುರು ಮಾಡಿತು. ಆಟಗಾರ ಹೋಗುತ್ತೇನೆ ಅಂದರೆ ಕಾಲೇಜು ಅವನ ಹೆಸರನ್ನು ಎರಡು ಕೆಲಸದ ದಿನಗಳೊಳಗೆ ಆ ಪಟ್ಟಿಗೆ ಹಾಕಬೇಕು. ಅಡ್ಡಗಾಲು ಹಾಕುವಂತಿಲ್ಲ. ಇವತ್ತು ಪೋರ್ಟಲ್ ಅಂದರೆ ಬೈಯುವವರೇ ಜಾಸ್ತಿ. ಅದಕ್ಕೂ ಮೊದಲು ಏನಿತ್ತು ಅನ್ನುವುದನ್ನು ಅವರು ನೆನಪಿಟ್ಟುಕೊಳ್ಳಬೇಕು.

ಸಣ್ಣ ಕಾಲೇಜಿನ ಕಡೆಯಿಂದ

ಆದರೂ ಸಣ್ಣ ಕಾಲೇಜುಗಳ ನೋವು ಸುಳ್ಳಲ್ಲ. ವಾಷಿಂಗ್ಟನ್ ರಾಜ್ಯದ ಚೀನಿ ಅನ್ನುವ ಪುಟ್ಟ ಊರಿನಲ್ಲಿ ಈಸ್ಟರ್ನ್ ವಾಷಿಂಗ್ಟನ್ ಯೂನಿವರ್ಸಿಟಿ ಇದೆ. ಅಲ್ಲಿಯ ಫುಟ್‌ಬಾಲ್ ಮೈದಾನದ ಹಾಸು ಕೆಂಪು ಬಣ್ಣದ್ದು. ವರ್ನನ್ ಆಡಮ್ಸ್ ಅಲ್ಲಿಯ ಕ್ವಾರ್ಟರ್‌ಬ್ಯಾಕ್. ಎತ್ತರ ಕಡಿಮೆ ಅಂತ ದೊಡ್ಡ ಕಾಲೇಜುಗಳು ಅವರತ್ತ ತಿರುಗಿ ನೋಡಿರಲಿಲ್ಲ. ಈಸ್ಟರ್ನ್ ನೋಡಿತು, ಕಲಿಸಿತು, ಬೆಳೆಸಿತು. ಹೆಸರು ಬಂದ ಮೇಲೆ, 2015ರಲ್ಲಿ ಕೊನೆಯ ಸೀಸನ್‌ಗೆ ಅವರು ಒರೆಗಾನ್‌ಗೆ ಹೋದರು.

ಅದರಲ್ಲೂ ಒಂದು ತೊಡಕು. ಡಿಗ್ರಿ ಮುಗಿಯಲು ಒಂದು ಗಣಿತದ ಕೋರ್ಸ್ ಬಾಕಿ ಇತ್ತು. ಒರೆಗಾನ್ ತಂಡ ಆಗಸ್ಟ್‌ನಲ್ಲಿ ಪ್ರಾಕ್ಟೀಸ್ ಶುರು ಮಾಡಿತು. ಆಡಮ್ಸ್ ಇನ್ನೂ ಚೀನಿಯಲ್ಲೇ ಪರೀಕ್ಷೆ ಬರೆಯುತ್ತಿದ್ದರು. ಕ್ರೀಡಾ ಚಾನೆಲ್ಲುಗಳು ಒಬ್ಬ ಹುಡುಗನ ಗಣಿತದ ಫಲಿತಾಂಶಕ್ಕಾಗಿ ಕಾದು ಕೂತಿದ್ದವು. ಪಾಸಾಯಿತು. ಮೂರು ನಾಲ್ಕು ವಾರದಲ್ಲಿ ಸೀಸನ್‌ನ ಮೊದಲ ಪಂದ್ಯ. ಎದುರಾಳಿ ಬೇರೆ ಯಾರೂ ಅಲ್ಲ, ಈಸ್ಟರ್ನ್ ವಾಷಿಂಗ್ಟನ್. ಒರೆಗಾನ್ 61-42ರಿಂದ ಗೆದ್ದಿತು. ತಾವೇ ಬೆಳೆಸಿದ ಹುಡುಗ ತಮ್ಮ ಎದುರೇ ನಿಂತು ಸೋಲಿಸುವುದನ್ನು ಆ ಊರಿನವರು ನೋಡಬೇಕಾಯಿತು. ಬೆಳೆದವರು ಒಬ್ಬರು, ಉಂಡವರು ಇನ್ನೊಬ್ಬರು.

ಆ ಸೀಸನ್‌ನ ಕೊನೆಯ ಪಂದ್ಯ ಅಲಾಮೊ ಬೌಲ್. ಟೆಕ್ಸಸ್ ಕ್ರಿಶ್ಚಿಯನ್ ಎದುರು ಒರೆಗಾನ್ 31-0 ಮುಂದಿತ್ತು. ಮೊದಲಾರ್ಧ ಮುಗಿಯುವ ಮುನ್ನ ಆಡಮ್ಸ್ ಪೆಟ್ಟು ತಿಂದು ಹೊರಗೆ ಹೋದರು. ಅದಾದ ಮೇಲೆ ತಂಡ ಕುಸಿಯಿತು. ಮೂರು ಓವರ್‌ಟೈಮ್ ನಂತರ 47-41ರಿಂದ ಸೋತಿತು. ಒಂದೇ ಸೀಸನ್‌ಗೆ ಬಂದ ಆಟಗಾರನ ಮೇಲೆ ಒಂದು ದೊಡ್ಡ ತಂಡ ಎಷ್ಟು ಭಾರ ಹಾಕಿ ಕೂತಿತ್ತು ಅನ್ನುವುದು ಆ ರಾತ್ರಿ ಗೊತ್ತಾಯಿತು.

ಸಣ್ಣ ಕಾಲೇಜಿಗೆ ನಷ್ಟ ಆಗುವುದು ಆಟದಲ್ಲಿ. ಓದಿನ ಲೆಕ್ಕದಲ್ಲಿ ಅಲ್ಲ. ಡಿಗ್ರಿ ಮುಗಿಸಿ ಹೋದ ಆಟಗಾರ ಎನ್‌ಸಿಎಎ ದಾಖಲೆಯಲ್ಲಿ ಹಳೇ ಕಾಲೇಜಿನ ಯಶಸ್ಸಾಗಿಯೇ ಉಳಿಯುತ್ತಾನೆ. ನಡುವೆ ಬಿಟ್ಟು ಹೋಗುವವರ ಕಥೆ ಹಾಗಲ್ಲ. ಅವರು ಪಡೆದ ಎಷ್ಟೋ ಕ್ರೆಡಿಟ್‌ಗಳನ್ನು ಹೊಸ ಕಾಲೇಜು ಒಪ್ಪುವುದಿಲ್ಲ. ಎರಡು ಸಲ ಕಾಲೇಜು ಬದಲಿಸಿದರೆ ಡಿಗ್ರಿ ಇನ್ನಷ್ಟು ದೂರ ಹೋಗುತ್ತದೆ. ವಿದ್ಯಾರ್ಥಿಯ ಹಿತ ನೋಡಿದರೆ ಡಿಗ್ರಿ ಮುಗಿಸಿ ಹೋಗುವುದೇ ಎಲ್ಲಕ್ಕಿಂತ ಸುರಕ್ಷಿತ. ಇಷ್ಟಾದರೂ ಜಾಸ್ತಿ ಬೈಗುಳ ತಿಂದವರು ಇವರೇ.

ಐವಿ ಲೀಗ್‌ನ ವಿಚಿತ್ರ

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದಂತೆ ಎಂಟು ಕಾಲೇಜುಗಳ ಐವಿ ಲೀಗ್‌ನಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ. ಇನ್ನೊಂದು ಕಟ್ಟುನಿಟ್ಟೂ ಇದೆ. ಡಿಗ್ರಿ ಓದುವವರು ಮಾತ್ರ ಆಡಬೇಕು, ಮಾಸ್ಟರ್ಸ್ ವಿದ್ಯಾರ್ಥಿಗಳು ಆಡುವಂತಿಲ್ಲ. ಗಾಯದಿಂದಲೋ ಬೇರೆ ಕಾರಣದಿಂದಲೋ ಒಂದು ಸೀಸನ್ ಉಳಿದಿದ್ದರೆ ಅದನ್ನು ಹೊರಗೆ ಹೋಗಿ ಆಡಬೇಕು. ಕಾಲೇಜಿನ ಮೇಲೆ ಎಷ್ಟೇ ಪ್ರೀತಿ ಇರಲಿ, ಬೇರೆ ದಾರಿ ಇಲ್ಲ.

ಕೋವಿಡ್ ಬಂದಾಗ ಇದು ದೊಡ್ಡದಾಗಿ ಕಾಣಿಸಿತು. 2020-21ರ ಬಾಸ್ಕೆಟ್‌ಬಾಲ್ ಸೀಸನ್ ಅನ್ನು ಐವಿ ಲೀಗ್ ಪೂರ್ತಿ ರದ್ದು ಮಾಡಿತು. ಪ್ರಿನ್ಸ್‌ಟನ್‌ನ ಕೇಟ್ಲಿನ್ ಚೆನ್ ಅಲ್ಲಿ ಆಡಿದ್ದು ಮೂರು ಸೀಸನ್. 2023ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ್ತಿಯಾದರು. 2024ರಲ್ಲಿ ಓದು ಮುಗಿಯಿತು, ಒಂದು ಸೀಸನ್ ಉಳಿಯಿತು. ಅವರು ಹೋಗಿದ್ದು ಕನೆಕ್ಟಿಕಟ್ ಯೂನಿವರ್ಸಿಟಿಗೆ, ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ದೇಶದಲ್ಲೇ ದೊಡ್ಡ ಹೆಸರಿನ ತಂಡಕ್ಕೆ. 2025ರ ಏಪ್ರಿಲ್‌ನಲ್ಲಿ ಆ ತಂಡ ಸೌತ್ ಕ್ಯಾರೊಲೈನವನ್ನು 82-59ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಕೆಲವೇ ದಿನಗಳಲ್ಲಿ ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ ಅನ್ನುವ ವೃತ್ತಿಪರ ತಂಡ ಚೆನ್ ಅವರನ್ನು ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆಯ್ದುಕೊಳ್ಳುವಾಗ, ಆರಿಸಿಕೊಂಡಿತು. ಇಲ್ಲಿ ಯಾರಿಗೆ ಯಾರು ಮೋಸ ಮಾಡಿದರು? ಚೆನ್ ಪ್ರಿನ್ಸ್‌ಟನ್ ಬಿಟ್ಟದ್ದು ತಮ್ಮ ಆಯ್ಕೆಗಿಂತ ಹೆಚ್ಚಾಗಿ ಲೀಗ್‌ನ ನಿಯಮದಿಂದ.

ಅಮೆರಿಕದಲ್ಲಿರುವ ಕನ್ನಡದ ಕುಟುಂಬಗಳು ಗಮನಿಸಬೇಕಾದ ಜಾಗ ಇದು. ಟೆನಿಸ್, ಈಜು, ಸ್ಕ್ವಾಷ್, ಫೆನ್ಸಿಂಗ್ ಆಡಿಸಿ ಮಕ್ಕಳನ್ನು ಇಂಥ ಕಾಲೇಜುಗಳಿಗೆ ಕಳಿಸಬೇಕು ಅನ್ನುವ ಆಸೆ ಎಷ್ಟೋ ಮನೆಗಳಲ್ಲಿ ಇದೆ. ನಾಲ್ಕು ವರ್ಷದಲ್ಲಿ ಒಂದು ಸೀಸನ್ ಗಾಯದಲ್ಲಿ ಕಳೆದರೆ ಮುಂದೇನು ಅನ್ನುವುದನ್ನು ಸೇರುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಉಳಿದ ಸೀಸನ್ ಬೇರೆ ಕಾಲೇಜಿನ ಮಾಸ್ಟರ್ಸ್‌ಗೆ ದಾರಿ ಆಗಬಹುದು, ಕೆಲವೊಮ್ಮೆ ಫೀಸೂ ಉಳಿಯಬಹುದು. ಭಾರತದಿಂದ ಎಫ್-1 ವೀಸಾದಲ್ಲಿ ಹೋದ ಆಟಗಾರರಿಗೆ ಇನ್ನೊಂದು ಕಷ್ಟ ಇದೆ. ಹೆಸರು, ಮುಖ ಬಳಸಿಕೊಂಡು ಜಾಹೀರಾತಿನಿಂದ ದುಡ್ಡು ಮಾಡುವ ಅವಕಾಶ 2021ರ ಜುಲೈಯಿಂದ ಅಮೆರಿಕದ ಹುಡುಗರಿಗೆ ಸಿಕ್ಕಿದೆ. ವಿದ್ಯಾರ್ಥಿ ವೀಸಾದವರಿಗೆ ಕೆಲಸ ಮಾಡುವ ಮಿತಿ ಇರುವುದರಿಂದ ಆ ದುಡ್ಡು ಮುಟ್ಟುವ ಮೊದಲು ನೂರು ಸಲ ಯೋಚಿಸಬೇಕು, ವಕೀಲರನ್ನು ಕೇಳಬೇಕು.

ಎರಡನೇ ಡಿಗ್ರಿ ಎಲ್ಲಿ ಹೋಯಿತು?

ಈಗ ನನಗೆ ನಿಜಕ್ಕೂ ಬೇಜಾರಾಗುವ ಭಾಗ. ನಮ್ಮ ಕಡೆಯಿಂದ ಎಂಎಸ್ ಮಾಡಲು ಹೋಗುವ ಹುಡುಗ ಹುಡುಗಿಯರನ್ನು ನೆನೆಯಿರಿ. ಜಿಆರ್‌ಇ, ಬ್ಯಾಂಕ್ ಸಾಲ, ಅಪ್ಪನ ಮನೆಪತ್ರ, ವೀಸಾ ಇಂಟರ್‌ವ್ಯೂ. ಅಮೆರಿಕದ ಮಾಸ್ಟರ್ಸ್ ಸೀಟು ಅಂದರೆ ಒಂದು ಕುಟುಂಬ ಇಡೀ ಪಣಕ್ಕಿಟ್ಟು ಪಡೆಯುವ ವಸ್ತು. ಅದೇ ಸೀಟು ಫುಟ್‌ಬಾಲ್ ಆಟಗಾರನಿಗೆ ಪೂರ್ತಿ ಸ್ಕಾಲರ್‌ಶಿಪ್‌ನಲ್ಲಿ ಸಿಗುತ್ತದೆ. ಅದು ಸಿಗುವುದು ತಪ್ಪಲ್ಲ. ಅವನ ದುಡಿಮೆಯಿಂದ ಕಾಲೇಜಿಗೆ ಕೋಟಿಗಟ್ಟಲೆ ಬರುತ್ತದೆ. ಆದರೆ ಆ ಓದು ಎಷ್ಟೋ ಸಲ ಅರ್ಧಕ್ಕೇ ನಿಲ್ಲುತ್ತದೆ.

ಕ್ಯಾಲೆಂಡರ್ ನೋಡಿದರೆ ಕಾರಣ ಗೊತ್ತಾಗುತ್ತದೆ. ಡಿಸೆಂಬರ್‌ನಲ್ಲಿ ಹಳೇ ಕಾಲೇಜಿನಲ್ಲಿ ಡಿಗ್ರಿ. ಜನವರಿಯಲ್ಲಿ ಹೊಸ ಕಾಲೇಜು. ವಸಂತದಲ್ಲಿ ಪ್ರಾಕ್ಟೀಸ್ ಜೊತೆ ಒಂದು ಸೆಮಿಸ್ಟರ್. ಆಗಸ್ಟ್ ಕೊನೆಗೆ ಸೀಸನ್ ಶುರು. ಡಿಸೆಂಬರ್ ಅಥವಾ ಜನವರಿಯಲ್ಲಿ ಕೊನೆಯ ಪಂದ್ಯ. ಅದು ಮುಗಿದ ಮರುವಾರವೇ ಎನ್‌ಎಫ್‌ಎಲ್ ಅನ್ನುವ ವೃತ್ತಿಪರ ಫುಟ್‌ಬಾಲ್ ಲೀಗಿನ ಕನಸಿರುವವರು ಬೇರೆ ಊರಿನ ತರಬೇತಿ ಕೇಂದ್ರಕ್ಕೆ ಹೋಗುತ್ತಾರೆ. ಏಪ್ರಿಲ್‌ನಲ್ಲಿ ಡ್ರಾಫ್ಟ್. ಎರಡು ವರ್ಷದ ಮಾಸ್ಟರ್ಸ್‌ನಲ್ಲಿ ಎರಡು ಸೆಮಿಸ್ಟರ್ ಆಯಿತು, ಜೊತೆಗೊಂದು ಬೇಸಿಗೆ. ಉಳಿದದ್ದು ಹಾಗೇ ಉಳಿಯಿತು. ಬೇಸಿಗೆಯಲ್ಲಿ ಬಂದವರಿಗೆ ಅದೂ ಇಲ್ಲ, ಒಂದೇ ಸೆಮಿಸ್ಟರ್.

ಕೋರ್ಸ್ ಆಯ್ಕೆಯೂ ಹಾಗೆಯೇ. ಕಾನೂನು, ಎಂಜಿನಿಯರಿಂಗ್‌ನಂಥ ವಿಭಾಗಗಳು ತಮ್ಮ ಸೀಟನ್ನು ತಾವೇ ನಿರ್ಧರಿಸುತ್ತವೆ. ಕೋಚ್ ಹೇಳಿದರೆ ಕೇಳುವುದಿಲ್ಲ. ಹಾಗಾಗಿ ಸುಲಭವಾಗಿ ಪ್ರವೇಶ ಸಿಗುವ, ಮಧ್ಯದಲ್ಲಿ ಸೇರಬಹುದಾದ ಕೋರ್ಸ್ ಅಥವಾ ಸಣ್ಣ ಸರ್ಟಿಫಿಕೇಟ್ ಹುಡುಕುತ್ತಾರೆ. ಆಟಗಾರನಿಗೆ ಇಷ್ಟವಾದದ್ದು ಅದೇನಾ ಅಂತ ಯಾರೂ ಕೇಳುವುದಿಲ್ಲ.

ಇದಕ್ಕೆ ಒಂದು ಮದ್ದು 2019ರಲ್ಲಿ ಎನ್‌ಸಿಎಎ ಮುಂದೆ ಬಂದಿತ್ತು. ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್‌ನಲ್ಲಿ ಒಂದು ಸೀಸನ್‌ಗೆ ಬಂದವರ ಸ್ಕಾಲರ್‌ಶಿಪ್ ಅನ್ನು ಅವರ ಮಾಸ್ಟರ್ಸ್ ಕೋರ್ಸ್ ಎಷ್ಟು ವರ್ಷವೋ ಅಷ್ಟು ವರ್ಷ ತಂಡದ ಲೆಕ್ಕದಲ್ಲಿ ಇಡಬೇಕು ಅನ್ನುವುದು ಆ ಪ್ರಸ್ತಾಪ. ಆಗ ಫುಟ್‌ಬಾಲ್ ತಂಡಕ್ಕೆ ಹೆಚ್ಚೆಂದರೆ 85 ಸ್ಕಾಲರ್‌ಶಿಪ್, ಪುರುಷರ ಬಾಸ್ಕೆಟ್‌ಬಾಲ್‌ಗೆ 13. ಹದಿಮೂರರಲ್ಲಿ ಒಂದು ಎರಡನೇ ವರ್ಷವೂ ಸಿಕ್ಕಿಬಿದ್ದರೆ ಕೋಚ್‌ಗೆ ಬಿಸಿ ಮುಟ್ಟುತ್ತದೆ. ಆಟಗಾರ ಕೋರ್ಸ್ ಮುಗಿಸಲಿ ಅಂತ ಅವರೇ ಬೆನ್ನು ಹತ್ತುತ್ತಾರೆ. ಆ ಏಪ್ರಿಲ್‌ನಲ್ಲಿ ಪ್ರಸ್ತಾಪ ಬಿದ್ದುಹೋಯಿತು. ದೊಡ್ಡ ತಂಡಗಳು ಗ್ರ್ಯಾಡ್ ಟ್ರಾನ್ಸ್‌ಫರ್ ಆಟಗಾರರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಬಹುದು, ಆಗ ಆಟಗಾರರಿಗೇ ಪೆಟ್ಟು ಅನ್ನುವ ವಾದ ಇತ್ತು. ಅದರಲ್ಲಿ ಸ್ವಲ್ಪ ಹುರುಳಿದೆ. ಆದರೆ ಆ ಪ್ರಸ್ತಾಪ ಬಿಟ್ಟ ಮೇಲೆ ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ.

ಹರ್ಟ್ಸ್ ಇಲ್ಲಿ ನೆನಪಾಗುತ್ತಾರೆ. ಒಕ್ಲಹೋಮಾದಲ್ಲಿ ಅವರು ಆಡಿದ್ದು ಒಂದೇ ಸೀಸನ್. ಆಮೇಲೆ ಫಿಲಡೆಲ್ಫಿಯಾ ಈಗಲ್ಸ್ ತಂಡ ಸೇರಿದರು, 2023ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಆಡಿದರು. ಅದೇ ವರ್ಷ ಮೇ ತಿಂಗಳಲ್ಲಿ ಒಕ್ಲಹೋಮಾದಿಂದ ಮಾನವ ಸಂಬಂಧಗಳ ಮಾಸ್ಟರ್ಸ್ ಪದವಿ ಪಡೆದರು. ಸೇರಿ ನಾಲ್ಕು ವರ್ಷದ ನಂತರ, ವೃತ್ತಿ ಆಟದ ನಡುವೆ. ಮನಸ್ಸಿದ್ದವರು ಮುಗಿಸುತ್ತಾರೆ ಅಂತ ಕೆಲವರು ಇದನ್ನು ತೋರಿಸುತ್ತಾರೆ. ನನಗೆ ಕಾಣುವುದು ಬೇರೆ. ಹರ್ಟ್ಸ್ ಬಳಿ ದುಡ್ಡಿತ್ತು. ಡ್ರಾಫ್ಟ್‌ನಲ್ಲಿ ಹೆಸರು ಬಾರದೆ ಊರಿಗೆ ಮರಳುವ ನೂರಾರು ಆಟಗಾರರಿಗೆ ಉಳಿದ ಸೆಮಿಸ್ಟರ್‌ಗಳ ಫೀಸು ಕಟ್ಟುವವರು ಯಾರು? ಮಾಸ್ಟರ್ಸ್ ಜಾಸ್ತಿ ಬೇಕಿರುವುದು ಅವರಿಗೆ ತಾನೇ?

ಈಗ ಎಲ್ಲರೂ ಹೋಗಬಹುದು

2021ರಿಂದ ಚಿತ್ರ ಬದಲಾಯಿತು. ಆ ಏಪ್ರಿಲ್‌ನಲ್ಲಿ ಎನ್‌ಸಿಎಎ ಎಲ್ಲ ಆಟಗಾರರಿಗೂ ಒಂದು ಸಲ ಕಾಲೇಜು ಬದಲಿಸಿ ಕೂಡಲೇ ಆಡುವ ಅವಕಾಶ ಕೊಟ್ಟಿತು. ಡಿಗ್ರಿ ಬೇಕಿಲ್ಲ. ಜೊತೆಗೆ ಕೋವಿಡ್ ಕಾರಣಕ್ಕೆ ಆಗ ತಂಡದಲ್ಲಿದ್ದ ಎಲ್ಲರಿಗೂ ಒಂದು ಸೀಸನ್ ಹೆಚ್ಚುವರಿಯಾಗಿ ಸಿಕ್ಕಿತ್ತು. ಐದು, ಆರು ವರ್ಷ ಕಾಲೇಜಿನಲ್ಲಿ ಉಳಿದವರು ಸಾಮಾನ್ಯವಾದರು. 2023ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ಕೋರ್ಟ್ ಎರಡನೇ ಸಲ ಬದಲಿಸುವವರನ್ನೂ ತಡೆಯಬಾರದು ಅಂದಿತು. 2024ರ ಏಪ್ರಿಲ್‌ನಲ್ಲಿ ಎನ್‌ಸಿಎಎ ಆ ಮಿತಿಯನ್ನೇ ತೆಗೆಯಿತು. ಓದಿನಲ್ಲಿ ಹಿಂದೆ ಬೀಳದಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು.

ಇದರ ಒಂದು ಪರಿಣಾಮವನ್ನು ಹೆಚ್ಚು ಜನ ಗಮನಿಸಿಲ್ಲ. 2006ರ ನಿಯಮದ ಆಸೆ ಏನಿತ್ತು? ಬೇಗ ಡಿಗ್ರಿ ಮುಗಿಸು, ನಿನಗೆ ಸ್ವಾತಂತ್ರ್ಯ ಸಿಗುತ್ತದೆ ಅನ್ನುವುದು. ಈಗ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಹಾಗಾಗಿ ಬೇಗ ಮುಗಿಸುವುದಕ್ಕೆ ಆಟದ ಕಡೆಯಿಂದ ಇದ್ದ ಆಕರ್ಷಣೆ ಹೋಯಿತು. ಆಟಗಾರರ ಸ್ವಾತಂತ್ರ್ಯ ನ್ಯಾಯವಾದದ್ದೇ, ಅದನ್ನು ವಾಪಸ್ ತೆಗೆದುಕೊಳ್ಳಬಾರದು. ಆದರೆ ಓದಿಗೆ ಆಟದೊಳಗೆ ಇದ್ದ ಅಪರೂಪದ ಬೆಲೆಯೊಂದು ಕಳೆದುಹೋಯಿತು. ಆದರೂ ಬೇಗ ಮುಗಿಸುವವರು ಇದ್ದಾರೆ. ಫರ್ನಾಂಡೊ ಮೆಂಡೋಜ ಬರ್ಕ್ಲಿಯಲ್ಲಿ ಬಿಸಿನೆಸ್ ಡಿಗ್ರಿಯನ್ನು ಮೂರು ವರ್ಷದಲ್ಲಿ ಮುಗಿಸಿ ಇಂಡಿಯಾನಕ್ಕೆ ಹೋದರು. 2025ರ ಹೈಸ್‌ಮನ್ ಅವರದ್ದೇ.

ದುಡ್ಡೂ ಬಂದಿದೆ. 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ ಹೌಸ್ ಒಪ್ಪಂದದ (ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆಯ ರಾಜಿ) ಪ್ರಕಾರ ಕಾಲೇಜುಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ಸ್ಕಾಲರ್‌ಶಿಪ್ ಸಂಖ್ಯೆಯ ಮಿತಿಯೂ ಹೋಗಿ ತಂಡದ ಗಾತ್ರದ ಮಿತಿ ಬಂದಿದೆ. ಐದು ವರ್ಷದಲ್ಲಿ ಐದೂ ಸೀಸನ್ ಆಡಲು ಬಿಡಬೇಕು ಅನ್ನುವ ಮಾತೂ ನಡೆದಿದೆ. ಹಾಗಾದರೆ ನಾಲ್ಕು ವರ್ಷಕ್ಕೆ ಡಿಗ್ರಿ ಮುಗಿಸಿದ ಪ್ರತಿಯೊಬ್ಬರಿಗೂ ಐದನೇ ವರ್ಷ ಮಾಸ್ಟರ್ಸ್ ವರ್ಷವೇ. ಒಂದು ಕಾಲದಲ್ಲಿ ಕೆಲವರಿಗಷ್ಟೇ ಸಿಗುತ್ತಿದ್ದದ್ದು ಎಲ್ಲರ ಪಾಲಿಗೆ ಬರುತ್ತದೆ. ಅರ್ಧಕ್ಕೆ ನಿಲ್ಲುವ ಮಾಸ್ಟರ್ಸ್‌ಗಳ ಸಂಖ್ಯೆಯೂ ಅದರ ಜೊತೆ ಏರುತ್ತದೆ.

ಕಾಲೇಜುಗಳು ಈಗ ಆಟಗಾರರ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳುತ್ತಿವೆ. ಎಷ್ಟು ಹಣ, ಯಾವ ತಿಂಗಳು, ನಡುವೆ ಬಿಟ್ಟರೆ ಎಷ್ಟು ವಾಪಸ್ ಅನ್ನುವುದನ್ನೆಲ್ಲ ವಕೀಲರು ಕೂತು ಬರೆಯುತ್ತಾರೆ. ಅದೇ ಕಾಗದದಲ್ಲಿ ಇನ್ನೊಂದು ಷರತ್ತು ಸೇರಬೇಕು. ಕೊನೆಯ ಪಂದ್ಯ ಮುಗಿದ ಮೇಲೂ ಆ ಮಾಸ್ಟರ್ಸ್ ಸೀಟು ಆಟಗಾರನದ್ದೇ ಆಗಿರಬೇಕು. ಕೋರ್ಸ್ ಮುಗಿಯುವವರೆಗಿನ ಫೀಸು ಕಾಲೇಜಿನದ್ದು. ಅವನು ಮರುವರ್ಷ ಬರಲಿ, ಐದು ವರ್ಷ ಬಿಟ್ಟು ಬರಲಿ, ಊರಿನಿಂದಲೇ ಆನ್‌ಲೈನ್‌ನಲ್ಲಿ ಮುಗಿಸಲಿ. ಇದಕ್ಕೆ ಎನ್‌ಸಿಎಎ ಮತ ಹಾಕುವವರೆಗೆ ಕಾಯಬೇಕಿಲ್ಲ. ಯಾವ ಕಾಲೇಜು ಬೇಕಾದರೂ ಈ ವರ್ಷವೇ ಬರೆದುಕೊಡಬಹುದು. ಸಹಿ ಹಾಕುವ ಮೊದಲು ಆಟಗಾರರೂ ಅವರ ಮನೆಯವರೂ ಇದನ್ನು ಕೇಳಿಯೇ ಮುಂದುವರಿಯಬೇಕು.